ಅಜ್ಜಿ ಕಾಲೇಜು ನೋಡಿ ಬಂದಳು

ಮೇ 19, ಸೋಮವಾರ

ಇವತ್ತೂ ಅದೇ ಕೆಲಸ. ಮೊಬೈಲಿನಲ್ಲಿ ಕಾಲೇಜು ನೋಡುವುದು. ಎಲ್ಲದಕ್ಕೂ ಒಂದೇ ಫೋಟೋ — ಹಸಿರು ಹುಲ್ಲು, ನಗುವ ಹುಡುಗಿಯರು. ಇವರೆಲ್ಲ ಓದುವುದು ಯಾವಾಗಲೋ! ನನ್ನ ಮನಸ್ಸು ದಾವಣಗೆರೆಯ ಆ ಮಹಿಳಾ ಕಾಲೇಜಿನ ಮೇಲೆ. ಬಿ.ಎಸ್ಸಿ., ಗಣಿತ. ಅಲ್ಲಿ ಓದುತ್ತಿರುವ ಸೀನಿಯರ್‌ಗೆ ಫೋನ್ ಮಾಡಿ ಕೇಳಿದೆ. ಕ್ಲಾಸು ತಪ್ಪುವುದಿಲ್ಲವಂತೆ. ಲೈಬ್ರರಿ ಸಂಜೆಯೂ ತೆರೆದಿರುತ್ತದಂತೆ.

ಅಪ್ಪ ಜಾರಿಕೊಂಡ. "ನಿಮ್ಮಜ್ಜಿ ಹೂಂ ಅಂದ್ರೆ ಹೋಗು. ಇಲ್ದಿದ್ರೆ ಇಲ್ಲೇ ಜಗಳೂರಾಗೆ ಓದು."

ಅವ್ವ ತೀರಿಕೊಂಡಾಗಿನಿಂದ ನನ್ನ ವಿಷಯದಲ್ಲಿ ಅಜ್ಜಿಯದೇ ಹೈಕೋರ್ಟು. ಎಲೆ ಅಡಿಕೆ ಜಗಿಯುತ್ತ ಅಪ್ಪನಿಗೆ ಅಂದಳು, "ಮನೆ ನೋಡ್ದೆ ಯಾರಾದ್ರೂ ಹುಡುಗೀನ ಕೊಡ್ತಾರೇನಲೇ? ನಾನೇ ಬಂದು ನೋಡ್ತೀನಿ."

ಅಯ್ಯೋ ದೇವರೇ.

ಮೇ 23, ಶುಕ್ರವಾರ, ಸಂಜೆ

ನೋಡಿ ಬಂದೆವು. ಇಳಕಲ್ ಸೀರೆ ಉಟ್ಟು, ಗಂಡಿನ ಮನೆ ನೋಡುವವಳ ಹಾಗೇ ಹೊರಟಿದ್ದಳು ಅಜ್ಜಿ. ಲ್ಯಾಬು, ಲೈಬ್ರರಿ ಕಣ್ಣೆತ್ತಿಯೂ ನೋಡಲಿಲ್ಲ. ಸೀದಾ ಹಾಸ್ಟೆಲ್ಲು. ಬಚ್ಚಲ ಚಿಲಕ ಹಾಕಿ ತೆಗೆದಳು. ನಲ್ಲಿ ತಿರುಗಿಸಿದಳು. ಎದುರಿನ ಅಂಗಡಿಯವನನ್ನು, "ಹುಡುಗ್ರು ಇಲ್ಲಿ ನಿಂತ್ಕೊಂಡು ಕಾಟ ಕೊಡ್ತಾರೇನಪ್ಪಾ?" ಎಂದು ವಿಚಾರಿಸಿದಳು. ನನಗೆ ತಲೆ ಎತ್ತಲಾಗಲಿಲ್ಲ.

ರಕ್ಷಾ ಅಂತ ಸೆಕೆಂಡ್ ಇಯರ್ ಹುಡುಗಿ ಸಿಕ್ಕಿದಳು. ಅವಳನ್ನೂ ಬಿಡಲಿಲ್ಲ.

"ಜ್ವರ ಬಂದ್ರೆ ಇಲ್ಲಿ ಯಾರವ್ವಾ ನೋಡ್ಕೊಳ್ಳೋದು?"

"ರೂಮಿನವ್ರೇ ಅಜ್ಜಿ. ನಂಗೆ ಟೈಫಾಯ್ಡ್ ಬಂದಾಗ ಇವ್ಳೇ ಗಂಜಿ ಕುಡಿಸಿದ್ದು" ಎಂದು ಪಕ್ಕದವಳನ್ನು ತೋರಿಸಿದಳು.

ಅಜ್ಜಿ ಆ ಪಕ್ಕದವಳನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು.

ವಾರ್ಡನ್ ಸಂಧ್ಯಾರಾಣಿ ಮೇಡಂ ಊಟಕ್ಕೆ ಕರೆದರು. ಬಿಸಿ ಮುದ್ದೆ, ಸೊಪ್ಪಿನ ಸಾರು. ಬೆಳಿಗ್ಗೆಯಿಂದ ಬರೀ ಟೀ ಕುಡಿದಿದ್ದ ಅಜ್ಜಿ, "ಹೊಟ್ಟೆ ತುಂಬೈತೆ ಕಣ್ರೀ" ಅಂದುಬಿಟ್ಟಳು. ಅಪ್ಪನೂ ತಟ್ಟೆ ಮುಟ್ಟಲಿಲ್ಲ.

ಮುಗಿಯಿತು. ಹೆಣ್ಣು ಕೊಡಲು ಮನೆ ನೋಡಹೋದವರು, ನಮ್ಮಲ್ಲಿ, ಒಪ್ಪಿಗೆಯಾದರೆ ಮಾತ್ರ ಉಣ್ಣುವುದು. ಉಣ್ಣದೆ ಎದ್ದರೆ ಸಂಬಂಧ ಬೇಡ ಅಂತ. ಬಾಯಿಬಿಟ್ಟು ಹೇಳಬೇಕಾಗಿಯೂ ಇಲ್ಲ. ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಅತ್ತೆ.

ಜೂನ್ 1, ಭಾನುವಾರ

ಇಷ್ಟು ದಿನ ಅಜ್ಜಿ ಜೊತೆ ಮಾತಿಲ್ಲ. ಇವತ್ತು ತಲೆ ಬಾಚುತ್ತೇನೆ ಬಾ ಅಂದಳು. ಕೂತೆ. ತಡೆಯಲಾಗಲಿಲ್ಲ.

"ಏನು ಕೊರತೆ ಇತ್ತಜ್ಜಿ ಅಲ್ಲಿ? ಯಾಕೆ ಉಣ್ಲಿಲ್ಲ ನೀನು?"

ಬಾಚಣಿಗೆ ನಿಂತಿತು.

"ಕೊರತೆ ಇದ್ದಿದ್ರೆ ಚೆನ್ನಾಗಿತ್ತು ಕಣವ್ವಾ. ಹುಡುಕ್ದೆ, ಸಿಗ್ಲಿಲ್ಲ. ಚಿಲಕ ಗಟ್ಟಿ ಐತೆ. ನೀರೈತೆ. ಗಂಜಿ ಕುಡ್ಸೋರು ಅದಾರೆ. ಉಂಡ್ರೆ ನಿನ್ನ ಕೊಟ್ಟಂಗೆ ಅಲ್ವಾ... ತುತ್ತು ಎತ್ತಾಕೆ ಕೈ ಬರ್ಲಿಲ್ಲ."

ಅವಳ ಮಡಿಲಲ್ಲಿ ಮುಖ ಇಟ್ಟೆ. "ಬ್ಯಾಡಜ್ಜಿ, ಇಲ್ಲೇ ಓದ್ತೀನಿ" ಅಂದೆ. ಮನಸಾರೆ ಅಂದೆ. ತಲೆಗೆ ಮೊಟಕಿದಳು.

"ಮುಚ್ಚು ಬಾಯಿ. ಇನ್ನೊಂದ್ ಸಲ ಹೋಗಾಕೈತೆ ಅಂತ ನಿಮ್ಮಪ್ಪಂಗೆ ಹೇಳು."

ಜೂನ್ 9, ಸೋಮವಾರ, ದಾವಣಗೆರೆ

ಅಡ್ಮಿಷನ್ ಆಯಿತು. ಬೆಡ್ ಸಿಕ್ಕಿತು, ರಕ್ಷಾ ರೂಮಿನಲ್ಲೇ. ಮಧ್ಯಾಹ್ನ ಯಾರೂ ಕರೆಯುವ ಮೊದಲೇ ಅಜ್ಜಿ ಮೆಸ್ಸಿಗೆ ಹೋಗಿ ಕೂತಳು. ಎರಡು ಮುದ್ದೆ ಉಂಡಳು. ಸಾರಿಗೆ ಉಪ್ಪು ಕಮ್ಮಿ ಅಂತ ಅಡುಗೆಯವರಿಗೆ ಹೇಳಿಯೂ ಹೇಳಿದಳು. ಆಮೇಲೆ ಮೇಡಂ ಕೈ ಹಿಡಿದುಕೊಂಡು,

"ನೋಡು ಬೀಗ್ತೀ, ನಮ್ ಹುಡುಗಿಗೆ ಹಸಿವಾದ್ರೆ ಹೇಳಾಕೆ ಬರಲ್ಲ. ಸಿಟ್ಟು ಮಾಡ್ತಾಳೆ, ಅಷ್ಟೆ. ಸಿಟ್ಟು ಮಾಡಿದ್ರೆ ಉಣ್ಣಾಕೆ ಇಕ್ಕವ್ವಾ" ಅಂದಳು.

ಮೇಡಂ ನಕ್ಕರು. ನನಗೆ ನಗು ಬರಲಿಲ್ಲ.

ಬಸ್ ಸ್ಟ್ಯಾಂಡಿಗೆ ಬರಬೇಡ ಅಂದಳು. ಗೇಟಿನಲ್ಲೇ ನಿಂತೆ. ಅಪ್ಪ ತಿರುಗಿ ನೋಡಿದ. ಅಜ್ಜಿ ನೋಡಲಿಲ್ಲ.

ಈಗ ಊಟದ ಬೆಲ್ ಆಯಿತು. ಬರಲ್ಲ ಅಂದೆ. ಪಾಪ, ರಕ್ಷಾ ಮೇಲೆ ಸುಮ್ಮಸುಮ್ಮನೆ ರೇಗಿದೆ. ಎದ್ದು ಹೋದಳು...

ಬಂದಳು. ಕೈಯಲ್ಲಿ ತಟ್ಟೆ. ಹಿಂದೆ ಮೇಡಂ. ಪೆನ್ನು ಕೆಳಗಿಡು ಅಂತಿದ್ದಾರೆ, ಮುದ್ದೆ ಆರಿ ಹೋಗುತ್ತಂತೆ, ನಾನು—