ಡೈರಿ ಗ್ರೂಪಿನಲ್ಲಿ ಬರೆದ ಕಥೆಗೆ ಯಾವ ಸಾಫ್ಟ್‌ವೇರ್ ಬೇಕು?

ಇಲ್ಲ ಮಾನ್ಯರೇ, "ಬರಹಗಾರ ಆಗಬೇಕಾದರೆ ಮೊದಲು ಬರಹಗಾರರ ಸಾಫ್ಟ್‌ವೇರ್ ಹಾಕಿಸಿಕೋ" ಎಂದಿರಲ್ಲ, ಅದು ನನಗೆ ಒಪ್ಪಿಗೆಯಿಲ್ಲ. ನಿಮ್ಮ ಕಚೇರಿ ತರುತ್ತಿರುವ ಹೊಸಬರ ಕಥಾಸಂಕಲನಕ್ಕೆ ನಾನು ಕೊಟ್ಟ ಕಥೆಯನ್ನು ಓದಿ ಬೇಡವೆಂದಿದ್ದರೆ ಸುಮ್ಮನಿರುತ್ತಿದ್ದೆ. ಮೊಬೈಲಿನಲ್ಲಿ ಬರೆದದ್ದೆಂದು ಓದದೆಯೇ ವಾಪಸ್ ಕೊಟ್ಟಿರಿ. ಕಥೆ ಕೊಡುವ ಗಡುವು ಇವತ್ತು ಸಂಜೆ ಐದಕ್ಕೆ.

ಕಥೆಯ ಮೊದಲ ಭಾಗವನ್ನು ನನಗೇ ಕಳಿಸಿಕೊಳ್ಳಲು ಹೋಗಿ ನಮ್ಮೂರ ಹಾಲಿನ ಡೈರಿಯ ವಾಟ್ಸಾಪ್ ಗ್ರೂಪಿಗೆ ಹಾಕಿಬಿಟ್ಟಿದ್ದೆ. ಮರುದಿನ ಬೆಳಿಗ್ಗೆ ಡೈರಿಯ ಸಾಲಿನಲ್ಲಿ ಗಂಗರತ್ನಮ್ಮ ನನ್ನ ಕ್ಯಾನಿಗೆ ಅಡ್ಡ ನಿಂತರು.

"ಏನ್ಲಾ ಬಾಲಾಜಿ, ಆ ಎಣ್ಮಗೂನ ಮಾರಿಕುಪ್ಪಂ ಸ್ಟೇಷನ್ನಾಗೆ ಒಬ್ಳೇ ಕೂರ್ಸ್‌ಬುಟ್ಟು ನೀನ್ ಮಲ್ಗಿದ್ಯಾ? ಊಟ ಮಾಡಿದ್ಲಾ ಇಲ್ವಾ?"

ಎರಡನೇ ಭಾಗದಲ್ಲಿ ನಾಯಕಿಗೆ ಊಟ ಹಾಕಿಸಿ ಅದನ್ನೂ ಗ್ರೂಪಿಗೇ ಹಾಕಿದೆ. ಮೂರನೆಯದಕ್ಕೆ ಅದೇ ಸಾಲಿನಲ್ಲಿ ಹಾಲು ಹಾಕುವ ಮುನಿಶಾಮಪ್ಪ ಎಲ್ಲರೆದುರು ಬೈದರು: "ಎಂಟ್ ತಿಂಗ್ಳ ಗಬ್ಬದ ಅಸೂನ ಯಾರ್ಲಾ ಆಲು ಕರೀತಾರೆ? ಡೈರಿ ಮುಂದೆ ನಿಂತ್ಕೊಂಡು ಇಂಗ್ ಬರೀತೀಯಲ್ಲ, ನಾಚ್ಕೆ ಆಗಾಕಿಲ್ವಾ?"

ಕಥೆಯ ಆ ಹಸುವಿನಿಂದ ಕರು ಹಾಕಿಸಿದ ಮೇಲೇ ಕಥೆ ಮುಂದಕ್ಕೆ ಹೋಯಿತು. ಈ ತಪ್ಪನ್ನು ನಿಮ್ಮ ಯಾವ ಸಾಫ್ಟ್‌ವೇರ್ ಹಿಡಿಯುತ್ತದೆ, ಹೇಳಿ?

ಆದರೂ ದೊಡ್ಡವರ ಮಾತೆಂದು ಬಂಗಾರಪೇಟೆಯ ನಾಗೇಶಣ್ಣನ ಡಿಟಿಪಿ ಅಂಗಡಿಗೆ ಹೋದೆ. ನೀವು ಹೇಳಿದ ಸಾಫ್ಟ್‌ವೇರನ್ನೇ ಕಂಪ್ಯೂಟರಿನಲ್ಲಿ ತೆರೆದುಕೊಟ್ಟರು. ಪಾತ್ರಗಳಿಗೊಂದು ಪಟ್ಟಿ, ಅಧ್ಯಾಯಗಳಿಗೊಂದು ಪಟ್ಟಿ, ದಿನಕ್ಕಿಷ್ಟು ಪದ ಬರೆಯಬೇಕೆಂದು ನೆನಪಿಸುವ ಗಂಟೆ. ಒಂದು ಗುಂಡಿ ಒತ್ತಿದರೆ ಎಲ್ಲ ಮಾಯವಾಗಿ ಬಿಳಿ ಪರದೆ ಮಾತ್ರ.

"ಇನ್ ನಿನ್ನ ಯಾರೂ ಡಿಸ್ಟರ್ಬ್ ಮಾಡಾಕಿಲ್ಲ, ಬರ್ಯಪ್ಪ," ಎಂದರು ನಾಗೇಶಣ್ಣ.

ನಿಜ, ಯಾರೂ ಮಾಡಲಿಲ್ಲ. ಒಂದು ಗಂಟೆಯಲ್ಲಿ ನನ್ನ ಹೆಸರು ಬರೆದೆ. ಅದನ್ನು ದಪ್ಪ ಮಾಡಿದೆ. ನೀಲಿ ಮಾಡಿದೆ. ನೆರಳು ಕೊಟ್ಟೆ. ಹಸಿವಾಯಿತು, ಎದ್ದು ಬಂದೆ. ಆಮೇಲೇನಾಯಿತೆಂದು ಕೇಳುವವರಿಲ್ಲದ ಜಾಗದಲ್ಲಿ ಕಥೆ ಬರೆಯುವುದು ಹೇಗೆ ಮಾನ್ಯರೇ? ನಿಮಗೆ ಬರುತ್ತದೆಯೇ? ನಾನು ಹತ್ತನೇ ಕ್ಲಾಸು, ನನಗೆ ಬರಲಿಲ್ಲ.

ಹಾಗಾಗಿ ಅದೇ ಕಥೆಯನ್ನು ಮೊಬೈಲಿನಿಂದ ಪ್ರಿಂಟ್ ಹಾಕಿಸಿ ತಂದಿದ್ದೇನೆ. ನನ್ನ ಬೇಡಿಕೆ ಒಂದೇ: ಮೊದಲು ಓದಿ. ಚೆನ್ನಾಗಿಲ್ಲದಿದ್ದರೆ ಎಸೆಯಿರಿ, ಆದರೆ ಓದಿ ಎಸೆಯಿರಿ.

ಬೆಳಿಗ್ಗೆಯಿಂದ ನೀವು ಮೀಟಿಂಗಿನಲ್ಲಿದ್ದೀರಿ. ನಿಮ್ಮ ಗುಮಾಸ್ತ ಕಾಂತರಾಜ್, "ಕೂತ್ಕೊಳಪ್ಪ, ಸಾಯೇಬ್ರು ಬತ್ತಾರೆ," ಎಂದು ಐದನೇ ಸಲ ಹೇಳುತ್ತಿದ್ದಾರೆ. ಗಂಟೆ ನಾಲ್ಕೂ ಮುಕ್ಕಾಲು. ಕಥೆ ನಿಮ್ಮ ಮೇಜಿನ ಮೇಲಿದೆ, ಸ್ವೀಕೃತಿಯ ಮೊಹರನ್ನು ನಾನೇ ಒತ್ತಿದ್ದೇನೆ. ಈ ಪತ್ರದ ಇನ್ನೊಂದು ಪ್ರತಿ ನಿಮ್ಮ ನೋಟಿಸ್ ಬೋರ್ಡಿನಲ್ಲಿದೆ. ಇನ್ನು ಹೊರಡುತ್ತೇನೆ. ಓದುವಾಗ ನಿಮಗೆ ತೊಂದರೆಯಾಗದಿರಲೆಂದು ನಿಮ್ಮ ಕೋಣೆಯ ಬಾಗಿಲು ಮುಚ್ಚಿಕೊಂಡು ಹೋಗುತ್ತಿದ್ದೇನೆ.

ಇಂತಿ,
ನಿಮ್ಮ ಪ್ರಕಾರ ಇನ್ನೂ ಬರಹಗಾರನಾಗದ
ಬಾಲಾಜಿ