ನನ್ನ ಲಟ್ಟಣಿಗೆಯ ಮೇಲೆ ಏಳು ಕೊರಳು

ಬೆಡೋಕ್, ಸಿಂಗಾಪುರ
೧೪ ಅಕ್ಟೋಬರ್ ೧೯೯೫

ಪ್ರೀತಿಯ ರಾಯರೇ,

ಹೇಗಿದ್ದೀರಿ? ಪರ್ತ್‌ನಲ್ಲಿ ರಾತ್ರಿ ಇನ್ನೂ ಚಳಿಯಂತೆ. ಕೆಮ್ಮು ನಿಂತಿತೇ? ಸೂಟ್‌ಕೇಸಿನ ಮೂಲೆಯಲ್ಲಿ ಕಷಾಯದ ಪುಡಿ ಇಟ್ಟಿದ್ದೆ. ಅದು ಇನ್ನೂ ಅಲ್ಲೇ ಇರುತ್ತದೆ, ನನಗೆ ಗೊತ್ತು. ಇಲ್ಲಿ ನಾವಿಬ್ಬರೂ ಕ್ಷೇಮ. ದೀಕ್ಷಿತಾಳ ಮುಂದಿನ ಹಲ್ಲು ಬಿದ್ದಿದೆ, ಅದನ್ನು ಅಪ್ಪನಿಗೇ ಕಳಿಸಬೇಕೆಂದು ಹಟ ಹಿಡಿದಿದ್ದಾಳೆ.

ಈಗ ವಿಷಯಕ್ಕೆ ಬರುತ್ತೇನೆ. ಭಾನುವಾರ ನಿಮ್ಮ ಗೆಳೆಯ ಕಿಟ್ಟಿ ಬಂದಿದ್ದರು. ನೀವು ಕೀಬೋರ್ಡಿನಲ್ಲಿ ಮಾಡಿದ ಆ ಡ್ಯಾನ್ಸ್‌ಹಾಲ್ ರಿಡಿಮ್, ಜಮೈಕಾದವರ ಆ ತಾಳ, ಇದೆಯಲ್ಲ, ಅದರ ಮೇಲೆ ಇಲ್ಲೇ ಉಬಿ ಏರಿಯಾದಲ್ಲಿರುವ ಕಿಟ್ಟಿಯವರ ಸ್ಟುಡಿಯೋದಲ್ಲಿ ಏಳು ಜನ ಹಾಡಿದ್ದಾರಂತೆ. ಏಳು! ನಾನೊಬ್ಬಳೇ ಎಂದುಕೊಂಡಿದ್ದೆ. ಜಮೈಕಾದಲ್ಲಿ ತಾಳ ಒಂದೇ, ಬಂದವರೆಲ್ಲ ತಮ್ಮ ತಮ್ಮ ಮಾತು ಹಾಕಿ ಹಾಡುತ್ತಾರೆ ಎಂದು ನೀವು ಹೇಳಿದ್ದೇನೋ ನಿಜ. "ದೋಸೆ ಹಿಟ್ಟು ಒಂದೇ ಕಣೇ, ಒಬ್ರು ಮಸಾಲೆ ಮಾಡ್ತಾರೆ, ಒಬ್ರು ಸೆಟ್ ಮಾಡ್ತಾರೆ" ಎಂದಿರಿ. ನಾನು ನಕ್ಕೆ. ಹಿಟ್ಟು ರುಬ್ಬಿದವಳು ಯಾರು ಎಂದು ಆಗಲೇ ಕೇಳಬೇಕಿತ್ತು. ಅದರಲ್ಲಿ ಟಕ್ ಟಕಾ ಟಕ್ ಎನ್ನುವುದು ನನ್ನ ಲಟ್ಟಣಿಗೆಯಲ್ಲವೇ? ಚಪಾತಿ ಲಟ್ಟಿಸುತ್ತಾ ನಾನು ಮಣೆಯ ಮೇಲೆ ತಟ್ಟುತ್ತಿದ್ದದ್ದನ್ನು ಅಡುಗೆಮನೆಗೆ ಮೈಕ್ ತಂದು ಹಿಡಿದುಕೊಂಡಿರಿ. ಅದರ ಮೇಲೆ ಮೊದಲು ತುಳುವಿನಲ್ಲಿ ಹಾಡಿದವಳೂ ನಾನೇ. "ಇದು ನಿಂದೇ ಪುಷ್ಪಾ" ಎಂದವರು ನೀವೇ.

ಉಳಿದ ಐವರ ಮೇಲೆ ನನಗೇನೂ ಸಿಟ್ಟಿಲ್ಲ, ಹಾಡಿಕೊಳ್ಳಲಿ. ಆದರೆ ನಿಮ್ಮ ಆಫೀಸಿನ ಶ್ರೀವಿದ್ಯಾ! ಆ ಮೈಸೂರಿನ ಮಹಾರಾಯ್ತಿ ನನ್ನ ಲಟ್ಟಣಿಗೆಯ ಬಡಿತಕ್ಕೆ ಪ್ರೇಮದ ಹಾಡು ಕಟ್ಟಿದ್ದಾಳೆ. ಹೊಟ್ಟೆಕಿಚ್ಚೇ ಎಂದು ಕೇಳಬೇಡಿ. ಹೌದು, ಹೊಟ್ಟೆಕಿಚ್ಚೇ, ಮುಚ್ಚಿಟ್ಟು ಏನಾಗಬೇಕು? ನೀವು ಹೊರಡುವ ಹಿಂದಿನ ವಾರ ಅವಳು ಹಾಡುವಾಗ ಅಲ್ಲೇ ಕೂತಿದ್ದಿರಂತೆ, ಇನ್ನೊಮ್ಮೆ ಹಾಡಿಸಿದಿರಂತೆ. ನನ್ನದು ಒಂದೇ ಸಲಕ್ಕೆ ಸಾಕಾಗಿತ್ತು. ಕಿಟ್ಟಿ ತಂದಿದ್ದ ಟೇಪು ಕೇಳಿ ಮಗಳು ಬೇರೆ ಉರಿಯುವ ಬೆಂಕಿಗೆ ತುಪ್ಪ ಸುರಿದಳು: "ಆಂಟೀದು ಸೂಪರ್ ಲಾ, ಅಮ್ಮಾ. ಮತ್ತೆ ಪ್ಲೇ ಮಾಡು." ಅವಳಿಗೆ ಅವತ್ತು ಐಸ್‌ಕ್ರೀಂ ಕೊಡಿಸಲಿಲ್ಲ.

ಕ್ಯಾಸೆಟ್ಟಿನ ಒಂದು ಬದಿಗೆ ಆರು ಹಾಡು ಮಾತ್ರ ಹಿಡಿಯುತ್ತವಂತೆ, ಒಂದನ್ನು ಬಿಡಬೇಕು. "ಯಾವ್ದು ಡ್ರಾಪ್ ಮಾಡ್ಬೇಕು ಅನ್ನೋದು ನಿಮ್ಗೇ ಬಿಟ್ಟಿದಾನೆ ಪೃಥ್ವಿ" ಎಂದರು ಕಿಟ್ಟಿ. ಯಾವ ಧೈರ್ಯದಲ್ಲಿ ಬಿಟ್ಟಿರೋ! ಶ್ರೀವಿದ್ಯಾಳದ್ದು ಬೇಡ ಎಂದೆ. ಕಿಟ್ಟಿ ಕಾಫಿ ಕುಡಿದು ಹೊರಟರು. ತೀರ್ಮಾನ ನನ್ನದು ತಾನೇ, ಮಾಡಿದ್ದೇನೆ. ನಿಮಗೆ ಬೇಸರವಾದರೆ ಆಗಲಿ.

ಹೊತ್ತಿಗೆ ಸರಿಯಾಗಿ ಊಟ ಮಾಡಿ, ಕಷಾಯ ಕುಡಿಯಿರಿ. ಮಗಳು ಅಪ್ಪನಿಗೆ ಮುತ್ತು ಕಳಿಸಿದ್ದಾಳೆ. ನಾನು ಏನೂ ಕಳಿಸಿಲ್ಲ.

ಇತಿ, ನಿಮ್ಮೊಡನೆ ಮಾತು ಬಿಟ್ಟಿರುವ
ಪುಷ್ಪಾವತಿ

ತಾ.ಕ.: ಭಾನುವಾರದಿಂದ ಪಾತ್ರೆ ತೊಳೆಯುವಾಗ, ಲಿಫ್ಟಿನಲ್ಲಿ, ಮಾರ್ಕೆಟ್ಟಿನಲ್ಲಿ ನನ್ನ ಬಾಯಿಗೆ ಬರುವುದು ಅವಳ ಹಾಡೇ. ನನ್ನದು ಎರಡನೇ ಸಾಲಿಗೇ ಮರೆತುಹೋಗುತ್ತದೆ. ಕಿಟ್ಟಿ ಮುಂದಿನ ವಾರದ ಕೊನೆಗೆ ಟೇಪನ್ನು ಕ್ಯಾಸೆಟ್ ಮಾಡುವವರಿಗೆ ಕಳಿಸುತ್ತಾರೆ. ಕಾಗದ ಸಿಕ್ಕಿದ ಕೂಡಲೇ ಅವರಿಗೆ ಫೋನ್ ಮಾಡಿ, ಅವಳದನ್ನು ಉಳಿಸಿ ನನ್ನದನ್ನು ತೆಗೆಯಲು ಹೇಳಿ. ನಾನು ಹೇಳಿದೆ ಎಂದು ಮಾತ್ರ ಹೇಳಬೇಡಿ.