ಒಗೆಯಬಾರದ ಬಟ್ಟೆ

ಮಾರ್ಚ್ 3, ಸೋಮವಾರ

ಬೆಳಿಗ್ಗೆಯೇ ಡ್ರೈಯರ್ ಕೈಕೊಟ್ಟಿತು. ಆಸ್ಪತ್ರೆಯ ಬೆಡ್‌ಶೀಟುಗಳನ್ನೆಲ್ಲ ತಾರಸಿಗೆ ಹೊತ್ತದ್ದಾಯಿತು. ಸೊಂಟ ಬಿದ್ದುಹೋಗಿದೆ. ಕೆಳಗೆ ಅಂಗಡಿಯಲ್ಲಿ ಅಪ್ಪ ಕಾಲರ್ ಮೇಲೆ ಕಾಲರ್ ಇಸ್ತ್ರಿ ಮಾಡುತ್ತ ನಿಂತಿದ್ದರು. ಲಾಂಡ್ರಿ ನನ್ನ ಕೈಗೆ ಕೊಟ್ಟು ಇನ್ನು ಆರಾಮಾಗಿರುತ್ತೇನೆ ಎಂದವರು. ಆ ಸುದ್ದಿ ಅವರ ಕೈಗಳಿಗೆ ಇನ್ನೂ ಮುಟ್ಟಿಲ್ಲ.

ಸಂಜೆ ಪುಟ್ಟಿ ಸ್ಕೂಲ್ ಬ್ಯಾಗ್ ಇಳಿಸುವ ಮೊದಲೇ ಶುರು.

"ಅಮ್ಮಾ, ಕೂದಲು ಉದುರದೇ ಇರೋ ನಾಯೀನೂ ಇದ್ಯಂತೆ! ಪೂಡಲ್ ಮಿಕ್ಸ್ ಅಂತ. ಫ್ರೆಂಡ್ ಮನೇಲಿದೆ. ತಬ್ಬಿಕೊಂಡೆ, ಉಬ್ಬಸ ಬರ್ಲೇ ಇಲ್ಲ."

"ಯಾವತ್ತು ತಬ್ಬಿಕೊಂಡೆ?"

ಬ್ಯಾಗ್ ಹೊತ್ತೇ ಒಳಗೆ ಓಡಿದಳು. ಕಳ್ಳಿ. ಎದುರು ಮನೆಯ ಬೆಕ್ಕು ಮುಟ್ಟಿ ಹೋದ ವರ್ಷ ಆಸ್ಪತ್ರೆಯಲ್ಲಿ ಮಲಗಿದ್ದು ಮರೆತೇ ಹೋಗಿದೆ ಅವಳಿಗೆ. ನನಗೆ ಮರೆತಿಲ್ಲ.

ಇವರು ಶಾಲೆ ಬಸ್ ಓಡಿಸಿ ಸುಸ್ತಾಗಿ ಬಂದಿದ್ದರು. "ನೋಡೋಣ ಬಿಡೇ" ಎಂದರು. ಇವರು ನೋಡೋಣ ಎಂದರೆ ಆಗಲೇ ಒಪ್ಪಿದ್ದಾರೆ ಎಂದರ್ಥ. ಅಪ್ಪ ತಟ್ಟೆಯಿಂದ ತಲೆ ಎತ್ತಲಿಲ್ಲ.

"ಲಾಂಡ್ರಿ ಮನೇಗೆ ನಾಯಿ ಆಗಲ್ಲ."

ಎದ್ದು ಕೈ ತೊಳೆದರು. ಅದೇ ಮಾತು, ಅದೇ ದನಿ… ನಾನು ಐದನೇ ಕ್ಲಾಸಿನಲ್ಲಿದ್ದಾಗ ಕೇಳಿದ್ದು.

ಮಾರ್ಚ್ 5, ಬುಧವಾರ

ಗುಂಡು ನೆನಪಾಗುತ್ತಲೇ ಇದ್ದಾನೆ. ಕೌಂಟರ್ ಒರೆಸುವಾಗ, ಚೀಟಿ ಪಿನ್ ಮಾಡುವಾಗ.

ಬಿಳಿ ನಾಯಿ. ಒಂದು ಕಿವಿ ಮಾತ್ರ ಮಡಚಿಕೊಂಡಿರುತ್ತಿತ್ತು. ಬಿಸಿ ಟವೆಲ್ಲುಗಳ ಬೆತ್ತದ ಬುಟ್ಟಿಯೇ ಅವನ ಅರಮನೆ. ಹೋಮ್‌ವರ್ಕ್ ಮಾಡುವಾಗ ಕಾಲು ಆ ಬುಟ್ಟಿಯೊಳಗೆ ಇಟ್ಟುಕೊಳ್ಳುತ್ತಿದ್ದೆ. ಸೋಪಿನ ವಾಸನೆ, ನಾಯಿಯ ವಾಸನೆ ಎರಡೂ ಸೇರಿ ಒಂದು ವಾಸನೆ. ಅದಕ್ಕೆ ಹೆಸರಿಲ್ಲ, ಈಗಲೂ ಮೂಗಿನಲ್ಲಿದೆ.

ಆಗ ಅಂಗಡಿ ನಡೆಯುತ್ತಿದ್ದುದೇ ದೊಡ್ಡ ಹೋಟೆಲಿನವರಿಂದ. ಅವರ ಸಪ್ಲೈಯರುಗಳ ಕರಿ ಕೋಟು. ಒಂದು ದಿನ ಮ್ಯಾನೇಜರ್ ಕೋಟು ತಂದು ಕೌಂಟರ್ ಮೇಲೆ ಹರಡಿ, ಬಿಳಿ ಕೂದಲುಗಳನ್ನು ಒಂದೊಂದಾಗಿ ಕಿತ್ತು ಅಪ್ಪನ ಮುಂದೆ ಸಾಲಾಗಿ ಇಟ್ಟ. ಇನ್ನೊಂದು ಸಲ ಹೀಗಾದರೆ ಬೇರೆ ಲಾಂಡ್ರಿ ನೋಡಿಕೊಳ್ಳುತ್ತೇವೆ ಎಂದ. ಅಪ್ಪ ಕೈಕಟ್ಟಿ ನಿಂತಿದ್ದರು. ಅವರನ್ನು ಹಾಗೆ ನೋಡಿದ್ದು ಅದೇ ಮೊದಲು.

ಮಾರನೇ ದಿನ ಶಾಲೆಯಿಂದ ಬಂದಾಗ ಬುಟ್ಟಿ ತೊಳೆದು ಬಿಸಿಲಿಗೆ ಬೋರಲು ಹಾಕಿದ್ದರು. "ಬ್ರೆಡ್ ವ್ಯಾನಿನವನಿಗೆ ಕೊಟ್ಟೆ. ಅವನ ಮನೇಲಿ ಅಂಗಳ ಇದೆ. ಲಾಂಡ್ರಿ ಮನೇಗೆ ನಾಯಿ ಆಗಲ್ಲ." ಎಷ್ಟು ಅತ್ತೆನೋ. ಸ್ವಲ್ಪ ದಿನಕ್ಕೆ ಬ್ರೆಡ್ ವ್ಯಾನಿಗೆ ಹೊಸ ಡ್ರೈವರ್ ಬಂದ. ಹಳಬ ಎಲ್ಲಿಗೆ ಹೋದ ಎಂದು ಯಾರಿಗೂ ಗೊತ್ತಿಲ್ಲ. ಗುಂಡು ಎಲ್ಲಿಗೆ ಎಂದೂ.

ಆ ಹೆಸರು ನಮ್ಮ ಮನೆಯಲ್ಲಿ ಮತ್ತೆ ಬರಲೇ ಇಲ್ಲ.

ಮಾರ್ಚ್ 9, ಭಾನುವಾರ

ಇಡೀ ಮಧ್ಯಾಹ್ನ ಮೊಬೈಲಿನಲ್ಲಿ ಮರಿಗಳು. ಪುಟ್ಟಿ ನನ್ನ ಹೆಗಲ ಮೇಲೆ, ಇವರು ಪುಟ್ಟಿಯ ಹೆಗಲ ಮೇಲೆ. ಮೂರು ಜಾಹೀರಾತು, ಮೂರು ಊರು, ಮೂರು ಹೆಸರು. ಆದರೆ ಮರಿಗಳ ಕೆಳಗೆ ಹಾಸಿದ ಬೆಡ್‌ಶೀಟ್ ಒಂದೇ — ನೀಲಿ ಚೌಕಳಿ, ಮೂಲೆಯಲ್ಲಿ ಬ್ಲೀಚ್ ಬಿದ್ದ ಕಲೆ. ಹುಟ್ಟಿದಾಗಿನಿಂದ ಬೆಡ್‌ಶೀಟ್ ನೋಡುತ್ತಲೇ ಬಂದವಳು ನಾನು. ಆದರೂ ಒಬ್ಬನಿಗೆ ಫೋನ್ ಹಚ್ಚಿದೆ. ಚಪಲ.

"ತಾಯಿ ನಾಯೀನ ನೋಡಬಹುದಾ?"

"ಅದು ತುಂಬಾ ದೂರ ಮೇಡಂ. ನೀವು ಬಸ್ ಸ್ಟ್ಯಾಂಡ್ ಹತ್ರ ಬಂದ್ಬಿಡಿ. ಮರಿ ಕೈಗೇ ಕೊಡ್ತೀನಿ."

"ಕೂದಲು ಉದುರುತ್ತಾ?"

"ಒಂದೇ ಒಂದು ಉದುರಿದ್ರೆ ನನ್ನ ಕೇಳಿ!"

"ಎಷ್ಟು ವಾರದ ಮರಿ?"

"ನಿಮಗೆಷ್ಟು ವಾರದ್ದು ಬೇಕು?"

ಇವರು ನಕ್ಕು ನಕ್ಕು ಕುರ್ಚಿಯಿಂದ ಜಾರಿದರು. ಪುಟ್ಟಿ ಮಾತ್ರ ನಗಲಿಲ್ಲ. ಫೋಟೋದ ಮರಿಯನ್ನು ಆಗಲೇ ಮನಸ್ಸಿಗೆ ಹಚ್ಚಿಕೊಂಡಿದ್ದಳು. ಬಾಗಿಲು ಹಾಕಿಕೊಂಡು ಅತ್ತಳು. ಐದನೇ ಕ್ಲಾಸು ಅವಳಿಗೂ.

ಮಾರ್ಚ್ 11, ಮಂಗಳವಾರ

ನಾಯಿ ಡಾಕ್ಟರ್ ಕೋಟು ಒಯ್ಯಲು ಬಂದಿದ್ದರು. ನಂಬಿಕೆಯವರ ಹತ್ತಿರ ಮರಿ ಎಲ್ಲಿ ಸಿಗುತ್ತದೆ ಎಂದು ಕೇಳಿಯೇಬಿಟ್ಟೆ. ಒಂದೇ ಗುರುತು ಹೇಳಿದರು: "ನೀವು ಕೇಳೋದಕ್ಕಿಂತ ಜಾಸ್ತಿ ಅವರು ನಿಮ್ಮನ್ನ ಕೇಳಬೇಕು. ಅಂಥವರ ಹತ್ರ ಹೋಗಿ."

ಒಬ್ಬರ ನಂಬರ್ ಕೊಟ್ಟರು. ನರ್ಸ್ ಆಗಿ ರಿಟೈರ್ ಆದವರು. ಕಾಕರ್ ಸ್ಪೇನಿಯಲ್ ತಾಯಿ, ಪೂಡಲ್ ತಂದೆ. ವರ್ಷಕ್ಕೆ ಒಂದೇ ಸೂಲು. ಫೋನ್ ಮಾಡಿದರೆ ರೇಟಿನ ಮಾತೇ ಇಲ್ಲ! ಹಗಲು ಮನೆಯಲ್ಲಿ ಯಾರಿರುತ್ತೀರಿ, ಮೆಟ್ಟಿಲು ಎಷ್ಟಿವೆ, ಗುಂಗುರು ಕೂದಲು ದಿನಾ ಬಾಚಬೇಕು, ಯಾರು ಬಾಚುತ್ತೀರಿ, ಸೋಪು-ಬ್ಲೀಚು ಎಲ್ಲಿಡುತ್ತೀರಿ… ಕೆಲಸಕ್ಕೆ ಇಂಟರ್ವ್ಯೂ ಕೊಟ್ಟಂತಾಯಿತು. ಬೆವೆತುಹೋದೆ. ಪಾಸಾದೆ ಅನಿಸುತ್ತದೆ. ಬನ್ನಿ ಎಂದಿದ್ದಾರೆ.

ಮಾರ್ಚ್ 23, ಭಾನುವಾರ

ನರ್ಸಮ್ಮನ ಮನೆಗೆ ಹೋಗಿಬಂದೆವು. ಅಪ್ಪ ಬರಲಿಲ್ಲ, ಕೆಲಸವಿದೆ ಎಂದರು. ಭಾನುವಾರ ಏನು ಕೆಲಸವೋ.

ತಾಯಿ ನಾಯಿ ತುಂಬು ಬಸುರಿ. ಅಡುಗೆಮನೆಯಲ್ಲೇ ಅದರ ಹಾಸಿಗೆ. ತಂದೆ-ತಾಯಿ ಇಬ್ಬರ ಕಣ್ಣು, ಸೊಂಟದ ಮೂಳೆ ಪರೀಕ್ಷೆ ಮಾಡಿಸಿದ ಸರ್ಟಿಫಿಕೇಟುಗಳನ್ನು ನಾವು ಕೇಳುವ ಮೊದಲೇ ಮೇಜಿನ ಮೇಲಿಟ್ಟರು. ಹಿಂದಿನ ಸೂಲಿನ ಮಗಳೊಂದು ಅವರ ಬಳಿಯೇ ಇದೆ, ಇವರ ಶೂ ಲೇಸ್ ಬಿಚ್ಚಿತು.

"ಕೂದಲು ಉದುರೋದೇ ಇಲ್ಲ ಅಂತಾರಲ್ಲ?" ಇವರು ಕೇಳಿದರು.

"ಸುಳ್ಳು. ಕಮ್ಮಿ ಉದುರುತ್ತೆ, ಅಷ್ಟೇ. ಕೆಲವು ಮರಿ ತಾಯಿ ಥರ ಆಗಿ ಚೆನ್ನಾಗೇ ಉದುರಿಸ್ತವೆ. ಉಬ್ಬಸ ಇರೋ ಮಗೂಗೆ ನಾನು ಗ್ಯಾರಂಟಿ ಕೊಡಲ್ಲಪ್ಪ."

ಪುಟ್ಟಿಯ ಮುಖ ಸಣ್ಣಗಾಯಿತು. ಆಗ ನರ್ಸಮ್ಮ ಆ ಮಗಳು ನಾಯಿಯ ಹಾಸಿಗೆಯಿಂದ ಒಂದು ಬಟ್ಟೆ ಎಳೆದು ಕವರಿಗೆ ಹಾಕಿ ಕೊಟ್ಟರು. ಕೂದಲು, ಜೊಲ್ಲು, ಎಲ್ಲ ಇತ್ತು. ಪುಟ್ಟಿ ಅದನ್ನು ಇಟ್ಟುಕೊಂಡು ಒಂದಷ್ಟು ದಿನ ಮಲಗಬೇಕು. ಇನ್ಹೇಲರ್ ಪಕ್ಕದಲ್ಲೇ ಇರಬೇಕು. ಉಬ್ಬಸ ಬಂದರೆ ಮರಿಯ ಮಾತು ಅಲ್ಲಿಗೇ ಮುಗಿಯಿತು. ಮಕ್ಕಳ ಡಾಕ್ಟರನ್ನೂ ಕೇಳಿಕೊಂಡು ಮಾಡಿ ಎಂದರು.

"ಒಗೀಬೇಡಿ ಮತ್ತೆ" ಎಂದರು. ನಾವು ನಕ್ಕೆವು.

ಮಾರ್ಚ್ 25, ಮಂಗಳವಾರ

ಡಾಕ್ಟರು ಆಗಬಹುದು ಎಂದರು. ನಿನ್ನೆ ರಾತ್ರಿ ಬಟ್ಟೆ ದಿಂಬಿನ ಪಕ್ಕ. ಉಬ್ಬಸ ಇಲ್ಲ!

ಮಾರ್ಚ್ 28, ಶುಕ್ರವಾರ

ಇವತ್ತೂ ಇಲ್ಲ. ಪುಟ್ಟಿ ಎದೆ ತಟ್ಟಿ ತೋರಿಸುತ್ತಾಳೆ, "ನೋಡು, ಸಿಳ್ಳೆ ಇಲ್ಲ!" ಇವರು ಮರಿಗೆ ಬೆಲ್ಟ್ ನೋಡಲು ಅಂಗಡಿಗೆ ಹೋಗಿಬಂದರು. ನಾನು ಬಾಯಲ್ಲಿ ಬೇಡ ಬೇಡ ಎನ್ನುತ್ತ ಬಣ್ಣ ಆರಿಸಿದೆ. ನರ್ಸಮ್ಮನಿಗೆ ಫೋನ್ ಮಾಡಿ ಒಂದು ಮರಿ ನಮಗೇ ಎಂದೆ. ನಿನ್ನೆಯಷ್ಟೇ ಹುಟ್ಟಿವೆಯಂತೆ, ಐದು.

ಮಾರ್ಚ್ 29, ಶನಿವಾರ

ಹಾಸಿಗೆ ಕೊಡವುವಾಗ ಆ ಬಟ್ಟೆ ಕೈಗೆ ಬಂತು. ಗರಿ ಗರಿ. ಮೂರು ಮಡಿಕೆ, ಮೂಲೆ ಒಳಗೆ ಸಿಕ್ಕಿಸಿದ್ದು. ಹಾಗೆ ಮಡಚುವವರು ಈ ಭೂಮಿಯ ಮೇಲೆ ಒಬ್ಬರೇ. ಮೂಸಿ ನೋಡಿದೆ. ನಮ್ಮ ಅಂಗಡಿಯ ಸೋಪು.

ಪುಟ್ಟಿ ಅಷ್ಟು ದಿನ ತಬ್ಬಿ ಮಲಗಿದ್ದು ತೊಳೆದ ಬಟ್ಟೆ!

ಕೆಳಗೆ ಓಡಿದೆ. "ಅಪ್ಪಾ, ಇದನ್ನ ಒಗೆದ್ರಾ?"

"ಕೊಳೆಯಾಗಿತ್ತು."

"ಕೊಳೆ ಇರ್ಬೇಕು ಅಂತಾನೇ ಕೊಟ್ಟಿದ್ದು! ಮಗು ಜೀವದ ಪ್ರಶ್ನೆ ಅಪ್ಪ. ನಾಯಿ ಬಂದ ಮೇಲೆ ಉಬ್ಬಸ ಬಂದಿದ್ರೆ?"

ಅಪ್ಪ ಇಸ್ತ್ರಿ ಪೆಟ್ಟಿಗೆ ನೆಟ್ಟಗೆ ನಿಲ್ಲಿಸಿ ಸ್ವಿಚ್ ಆರಿಸಿದರು. ಗಿರಾಕಿಗಳ ಮುಂದೆ ಕೂಗಾಡಿಬಿಟ್ಟೆ. ಪುಟ್ಟಿ ಮೆಟ್ಟಿಲ ಮೇಲೆ ನಿಂತು ಎಲ್ಲ ಕೇಳಿಸಿಕೊಂಡಳು.

ನರ್ಸಮ್ಮನಿಗೆ ಹೇಳಲೇಬೇಕಾಯಿತು. ಅವರು "ಇನ್ನೊಂದು ಬಟ್ಟೆ ಕೊಡ್ತೀನಿ, ಬನ್ನಿ. ಒಗೆದವರನ್ನೂ ಕರ್ಕೊಂಡು ಬನ್ನಿ" ಎಂದರು.

ಏಪ್ರಿಲ್ 6, ಭಾನುವಾರ

ಅಪ್ಪ ಬಂದರು. ಪುಟ್ಟಿ ಕೈ ಹಿಡಿದು ಎಳೆದದ್ದಕ್ಕೆ.

ಮರಿಗಳನ್ನು ಬಾಗಿಲ ಸಂದಿಯಿಂದಷ್ಟೇ ನೋಡಿದೆವು. ಇಲಿಗಳಂತೆ ಇವೆ. ಆ ದೊಡ್ಡ ಮಗಳು ನಾಯಿ ಎಲ್ಲರನ್ನೂ ಬಿಟ್ಟು ಅಪ್ಪನ ಪಂಚೆಯನ್ನು ಮೂಸಿ ಮೂಸಿ, ಅವರ ಕಾಲ ಮೇಲೇ ಕುಳಿತುಬಿಟ್ಟಿತು. ಅಪ್ಪ ಕೈ ಹಿಂದೆ ಕಟ್ಟಿಕೊಂಡರು. ಮುಟ್ಟಲಿಲ್ಲ.

ನರ್ಸಮ್ಮ ತಮ್ಮ ಕರಾರು ಹೇಳಿದರು. "ಸಾಕೋಕೆ ಆಗ್ಲಿಲ್ಲ ಅಂದ್ರೆ ನಾಯಿ ವಾಪಸ್ ನನ್ನ ಹತ್ರಾನೇ ಬರಬೇಕು. ಬೇರೆ ಯಾರಿಗೂ ದಾಟಿಸೋ ಹಾಗಿಲ್ಲ."

"ವಯಸ್ಸಾದ ಮೇಲೂನಾ?" ಅಪ್ಪ. ಕೈ ಇನ್ನೂ ಬೆನ್ನ ಹಿಂದೆಯೇ.

"ಮುದಿಯಾದ್ರೂ ಸರಿ, ಕುರುಡಾದ್ರೂ ಸರಿ ಯಜಮಾನ್ರೇ. ಹುಟ್ಟಿಸಿದವಳು ನಾನು. ಬಾಗಿಲು ತೆಗೆದೇ ಇರುತ್ತೆ."

ಅಪ್ಪ ತುಂಬ ಹೊತ್ತು ಆ ನಾಯಿಯನ್ನೇ ನೋಡಿದರು. "ನನಗೆ ಆವತ್ತು ಹೀಗೆ ಹೇಳೋರು ಯಾರೂ ಇರ್ಲಿಲ್ಲ ನೋಡಿ" ಎಂದರು.

ವಾಪಸು ಬರುವಾಗ ಕಿಟಕಿಯ ಕಡೆ ಮುಖ ಮಾಡಿಯೇ ಹೇಳಿದರು. ಗುಂಡುವನ್ನು ಕೊಟ್ಟ ವಾರವೇ ಸೈಕಲ್ ಹತ್ತಿ ಬ್ರೆಡ್ ವ್ಯಾನಿನವನ ಮನೆ ಹುಡುಕಿಕೊಂಡು ಹೋಗಿದ್ದರಂತೆ. ದೂರದಿಂದ ನೋಡಿದ್ದು. ಅಂಗಳದಲ್ಲಿ ಕಟ್ಟಿಹಾಕಿದ್ದರು. ಗುಂಡು ಅಪ್ಪನ ಸೈಕಲ್ ಸದ್ದು ಗುರುತಿಸಿ ಹಗ್ಗ ಜಗ್ಗಿದ. "ಹತ್ರ ಹೋದ್ರೆ ಬಿಟ್ಟು ಬರೋಕಾಗಲ್ಲ ಅಂತ ತಿರುಗಿಬಿಟ್ಟೆ." ಮತ್ತೊಮ್ಮೆ ಮನಸ್ಸು ತಡೆಯದೆ ಕರೆತರಲೆಂದೇ ಹೋದಾಗ ಮನೆಗೆ ಬೀಗ.

"ಆ ಬಟ್ಟೆ… ಕೊಳೆ ಅಂತ ಒಗೆದಿದ್ದಲ್ಲ ಕಣಮ್ಮ. ಪುಟ್ಟಿ ಹಾಸಿಗೆ ಹತ್ರ ಹೋದೆ, ಅವನ ವಾಸನೆ ಬಂತು. ತಡ್ಕೊಳ್ಳೋಕಾಗ್ಲಿಲ್ಲ."

ಇಷ್ಟು ವರ್ಷ ಒಂದೇ ಸೂರಿನ ಕೆಳಗೆ ಒಂದೇ ನಾಯಿಗಾಗಿ ಇಬ್ಬರೂ ಬೇರೆ ಬೇರೆ ಅತ್ತಿದ್ದೇವೆ. ಅಪ್ಪನ ಕೈ ಹಿಡಿದುಕೊಂಡೆ. ಇಸ್ತ್ರಿಯ ಕಾವಿಗೆ ಒರಟಾದ ಕೈ.

ಏಪ್ರಿಲ್ 8, ಮಂಗಳವಾರ

ಎರಡನೇ ಬಟ್ಟೆ. ಈ ಸಲ ಅಪ್ಪನೇ ಕಾವಲು, ಯಾರಿಗೂ ಮುಟ್ಟಲು ಬಿಡುತ್ತಿಲ್ಲ. ಬೆಳಗಿನ ಜಾವ ಪುಟ್ಟಿ ಕೆಮ್ಮಿದಳು. ಅಪ್ಪ ಆಗಲೇ ಬಾಗಿಲಲ್ಲಿ. ಡಾಕ್ಟರ ಹತ್ತಿರ ಓಡಿದೆವು. ಎದೆ ಕ್ಲೀನ್, ಗಂಟಲು ಕೆಟ್ಟಿದೆಯಂತೆ. ಕದ್ದು ಐಸ್ ತಿಂದಿದ್ದಳು!

ಏಪ್ರಿಲ್ 20, ಭಾನುವಾರ

ಉಬ್ಬಸ ಇಲ್ಲ. ಈ ಸಲ ನಿಜಕ್ಕೂ ಇಲ್ಲ. ದಿನಾ ನಾನೇ ಬಟ್ಟೆ ಮೂಸಿ ನೋಡುತ್ತೇನೆ. ಗಬ್ಬು ನಾತ. ಖುಷಿಯಾಗುತ್ತದೆ. ಮಲಗುವ ಕೋಣೆಗೆ ಮಾತ್ರ ನಾಯಿ ಬಿಡಬೇಡಿ ಎಂದಿದ್ದಾರೆ ಡಾಕ್ಟರು.

ಮೇ 11, ಭಾನುವಾರ

ಮರಿ ಆರಿಸುವ ದಿನ. ಐದರಲ್ಲಿ ಒಂದು ಬಿಳಿ. ಒಂದು ಕಿವಿ ಮಡಚಿಕೊಂಡಿತ್ತು. ನೋಡಿದ್ದೇ ತಡ ನಾನು ನೆಲಕ್ಕೇ ಕುಳಿತುಬಿಟ್ಟೆ. ಇದೇ, ಇದೇ ಬೇಕು ಎಂದೆ. ಮಗಳಿಗಿಂತ ಕಡೆಯಾಗಿಬಿಟ್ಟೆ.

ನರ್ಸಮ್ಮ ಕೊಡಲಿಲ್ಲ. "ಅದು ತರಲೆ. ಓಡಾಡೋ ಜಾಗ ಇರೋರಿಗೆ. ಮೆಷಿನ್ ಸದ್ದಿಗೆ ದಿನವೆಲ್ಲ ಬೊಗಳುತ್ತೆ. ನಿಮಗೆ ಇದು" ಎಂದು ಒಂದು ಕಾಫಿ ಬಣ್ಣದ್ದನ್ನು ಪುಟ್ಟಿಯ ಮಡಿಲಿಗೆ ಹಾಕಿದರು. ಹಾಕಿದ ತಕ್ಷಣ ನಿದ್ದೆ. ನಾನು ಮುಖ ಊದಿಸಿಕೊಂಡೆ. ಅಪ್ಪ ನನ್ನ ಬೆನ್ನು ತಟ್ಟಿದರು. "ಅವನು ಹೋದ ಕಣಮ್ಮ. ಇದು ಬೇರೆ" ಎಂದರು.

ಮೈಯೆಲ್ಲ ಗುಂಗುರು. "ತಾತಾ, ಇದನ್ನ ಇಸ್ತ್ರಿ ಮಾಡೋಕೆ ನಿಮ್ಮ ಕೈಲೂ ಆಗಲ್ಲ!" ಎಂದಳು ಪುಟ್ಟಿ. ಹೆಸರು ಸುಕ್ಕು.

ಮೇ 25, ಭಾನುವಾರ

ಸುಕ್ಕು ಬಂದ. ಅಟ್ಟದಿಂದ ಅಪ್ಪ ಏನೋ ಇಳಿಸಿದರು — ಆ ಬೆತ್ತದ ಬುಟ್ಟಿ. ಎಂದೋ ಎಸೆದಿದ್ದಾರೆ ಎಂದುಕೊಂಡಿದ್ದೆ. ಒಳಗೆ ಆ ಎರಡನೇ ಬಟ್ಟೆ, ಒಗೆಯದೆ, ಮಡಚದೆ, ಮುದ್ದೆಯಾಗಿ.

ಅಂಗಡಿಗೆ ಬರದಂತೆ ಮೆಟ್ಟಿಲಿಗೆ ಅಡ್ಡ ಗೇಟನ್ನೂ ಅವರೇ ಕಟ್ಟಿದರು. ಗೇಟ್ ಹಾಕಿಯೇ ಇರಬೇಕು ಎಂದು ನಮಗೆಲ್ಲ ತಾಕೀತು.

ಮೇ 31, ಶನಿವಾರ, ಸಂಜೆ

ಕೆಳಗೆ ಹೋದರೆ ಗೇಟ್ ತೆರೆದೇ ಇದೆ! ಬುಟ್ಟಿ ಇಸ್ತ್ರಿ ಮೇಜಿನ ಕೆಳಗೆ. ಸುಕ್ಕು ಅಪ್ಪನ ಕಾಲಿನ ಹೆಬ್ಬೆರಳಿಗೆ ಮೂತಿ ಒತ್ತಿ ಮಲಗಿದ್ದಾನೆ. ಮೇಜಿನ ಮೇಲೆ ಹೋಟೆಲಿನ ಕರಿ ಕೋಟು. ಸೋಮವಾರ ಕೊಡಬೇಕಾದದ್ದು. ಅದರ ತೋಳಿನ ಮೇಲೆ ಒಂದು ಕೂದಲು, ಕಾಫಿ ಬಣ್ಣದ್ದು, ಸುರುಳಿ.

ನಾನು ನೋಡಿದೆ. ನಾನು ನೋಡಿದ್ದನ್ನು ಅಪ್ಪನೂ ನೋಡಿದರು. ಕೌಂಟರ್ ಮೇಲೆ ಸಾಲಾಗಿಟ್ಟ ಬಿಳಿ ಕೂದಲು, ಬಿಸಿಲಲ್ಲಿ ಬೋರಲು ಬಿದ್ದ ಬುಟ್ಟಿ, ಎಲ್ಲ ಒಟ್ಟಿಗೇ ಕಣ್ಣ ಮುಂದೆ.

ಅಪ್ಪ ಆ ಕೂದಲನ್ನು ಎರಡು ಬೆರಳಲ್ಲಿ ಎತ್ತಿ, ಬೆಳಕಿಗೆ ಹಿಡಿದು, ಜೇಬಿಗೆ ಹಾಕಿಕೊಂಡರು. ಕೋಟನ್ನು ನನ್ನ ಕೈಗಿಟ್ಟರು.

"ಇನ್ನೊಂದ್ಸಲ ಒಗೆದ್ರಾಯ್ತು ಬಿಡಮ್ಮ."

ಕೋಟು ಈಗ ಮೆಷಿನ್ನಿನಲ್ಲಿ ತಿರುಗುತ್ತಿದೆ. ಮೇಲೆ ಬಂದು ಇದನ್ನು ಬರೆಯುತ್ತಿದ್ದೇನೆ, ಅಕ್ಷರ ಸರಿಯಾಗಿ ಕಾಣುತ್ತಿಲ್ಲ. ಅಪ್ಪ ಕೆಳಗೆ ಯಾರೊಡನೆಯೋ ಮಾತಾಡುತ್ತಿದ್ದಾರೆ, ಗಿರಾಕಿ ಯಾರೂ ಇಲ್ಲ, ಅಂದರೆ ಸುಕ್ಕುವಿನ ಜೊತೆ… ಗುಂಡುವಿನ ಕಥೆ ಹೇಳುತ್ತಿದ್ದಾರೆ. ನಾನೂ ಹೋಗಿ ಕೇಳಬೇಕು, ಬುಟ್ಟಿಯ ಪಕ್ಕ ಕುಳಿತು —